ಅಂಟಾರ್ಕ್ಟಿಕಾಗೆ ಯಾವ ಹಡಗು? ಮೊದಲು ನಿಮ್ಮದು ಎಷ್ಟನೇ ಪಂಕ್ತಿ ಅಂತ ಕೇಳಿ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಅಕ್ಕ-ಭಾವ ನಿವೃತ್ತಿಯ ದುಡ್ಡಿನಲ್ಲಿ ಒಂದೇ ಒಂದು ದೊಡ್ಡ ಪ್ರವಾಸ ಮಾಡಬೇಕು ಅಂತ ಕೂತಿದ್ದಾರೆ. ಭಾವನಿಗೆ ಹಿಮ ಬೇಕು. ಅಕ್ಕನಿಗೆ ಯಾರೂ ಹೋಗದ ದ್ವೀಪ ಬೇಕು. ಇಬ್ಬರಿಗೂ ಹಡಗು ಬೇಕು. ನಾನು ಮತ್ತು ನಮ್ಮವರು ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಡೊಂಬಿವಲಿಯಿಂದ ಹೊರಟು ಅಂಟಾರ್ಕ್ಟಿಕಾಗೆ ಹನ್ನೊಂದು ದಿನದ ಹಡಗಿನ ಟ್ರಿಪ್ ಮಾಡಿ ಬಂದವರು, ಹಾಗಾಗಿ ಮನೆತನದಲ್ಲಿ ನಾವೇ ಈಗ ಪಂಡಿತರು. ಕಳೆದ ಮೂರು ಭಾನುವಾರ ಪುಣೆಯಲ್ಲೇ ಕಳೆದಿದ್ದೇವೆ. ಊಟದ ಮೇಜಿನ ಮೇಲೆ ಆರು ಕಂಪನಿಗಳ ಬ್ರೋಷರ್. ಎಲ್ಲದರಲ್ಲೂ ಅದೇ ಪೆಂಗ್ವಿನ್, ಅದೇ ನೀಲಿ ಮಂಜುಗಡ್ಡೆ, ಅದೇ ಬಾಲ್ಕನಿಯಲ್ಲಿ ಗ್ಲಾಸು ಹಿಡಿದು ನಿಂತ ಬಿಳಿ ಕೂದಲಿನ ದಂಪತಿ.

ಭಾವ ಮೊದಲು ಕೇಳಿದ್ದು, "ಬಾಲ್ಕನಿ ಇರೋ ರೂಮು ತಗೊಳ್ಳೋದಾ, ಕಿಟಕಿ ಸಾಕಾ?" ಅಂತ. ಎಲ್ಲರೂ ಇದನ್ನೇ ಕೇಳುತ್ತಾರೆ. ನಾವೂ ಕೇಳಿದ್ದೆವು. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಪಂಕ್ತಿಯ ಲೆಕ್ಕ

ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಹಾಲಿನಲ್ಲಿ ನೂರು ಎಲೆ ಮಾತ್ರ ಹಿಡಿಯುತ್ತದೆ. ಇನ್ನೂರು ಜನ ಬಂದರೆ ಎರಡು ಪಂಕ್ತಿ, ಐನೂರು ಜನ ಬಂದರೆ ಐದು ಪಂಕ್ತಿ. ಅಂಟಾರ್ಕ್ಟಿಕಾದಲ್ಲೂ ಹೀಗೇ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಜಾಸ್ತಿ ಪ್ರವಾಸಿಗಳು ನೆಲದ ಮೇಲೆ ಇರುವಂತಿಲ್ಲ. ಒಂದು ಜಾಗಕ್ಕೆ ಒಂದು ಸಲಕ್ಕೆ ಒಂದೇ ಹಡಗು. 1991ರಲ್ಲಿ ಹಡಗು ಕಂಪನಿಗಳೇ ಸೇರಿ ಮಾಡಿಕೊಂಡ ಐಎಎಟಿಒ ಅನ್ನುವ ಸಂಘ ಇದನ್ನೆಲ್ಲ ನೋಡಿಕೊಳ್ಳುತ್ತದೆ, ಯಾವ ಹಡಗು ಯಾವಾಗ ಎಲ್ಲಿ ನಿಲ್ಲಬೇಕು ಅನ್ನುವ ವೇಳಾಪಟ್ಟಿಯನ್ನೂ ಸೇರಿಸಿ. ಐನೂರಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಾದರೆ ಯಾರನ್ನೂ ಇಳಿಸುವಂತೇ ಇಲ್ಲ.

ಈ ಕೊನೆಯ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಮುಂಬೈಯ ಒಬ್ಬ ಏಜೆಂಟು ನಮಗೆ ಮೊದಲು ತೋರಿಸಿದ್ದು ಸಾವಿರಾರು ಜನ ಹಿಡಿಯುವ ದೊಡ್ಡ ಹಡಗು. ಹದಿನಾರು ದಿನ, ಈಜುಕೊಳ, ರಾತ್ರಿ ಹಾಡು-ಕುಣಿತ, ಬೆಲೆಯೂ ಅರ್ಧ. ಪುಕ್ಕಟೆ ಸಿಕ್ಕ ಹಾಗೆ ಅಂತ ಖುಷಿಯಾಗಿ ಅಡ್ವಾನ್ಸ್ ಕೊಡಲು ಹೊರಟಿದ್ದೆವು. ನಮ್ಮವರು ಸುಮ್ನೆ ಮಾತಿಗೆ "ದಿನಕ್ಕೆ ಎಷ್ಟು ಸಲ ಇಳಿಸ್ತಾರೆ?" ಅಂತ ಕೇಳಿದರು. ಆಸಾಮಿ ತಡವರಿಸಿದ. ಆ ಹಡಗು ಅಂಟಾರ್ಕ್ಟಿಕಾವನ್ನು ದೂರದಿಂದ ತೋರಿಸಿ ವಾಪಸ್ ಬರುತ್ತದೆ, ಅಷ್ಟೇ. ಸಮುದ್ರದ ನಂಟು, ಉಪ್ಪಿಗೆ ಬಡತನ ಅಂತಾರಲ್ಲ, ಹಾಗೆ. ನಡೆಯಲು ಆಗದ ಹಿರಿಯರು ಜೊತೆಗಿದ್ದು, ಡೆಕ್ಕಿನಿಂದ ನೋಡಿದರೆ ಸಾಕು ಅನ್ನುವುದಾದರೆ ಅದೂ ತಪ್ಪಲ್ಲ. ಆದರೆ ಗೊತ್ತಿದ್ದು ತೆಗೆದುಕೊಳ್ಳಿ.

ಹಾಗಾಗಿ ಬ್ರೋಷರ್ ತೆರೆದ ಕೂಡಲೇ ಹುಡುಕಬೇಕಾದ ಅಂಕಿ ಒಂದೇ, ಪ್ರಯಾಣಿಕರ ಸಂಖ್ಯೆ. ನೂರರ ಆಸುಪಾಸು ಇದ್ದರೆ ಎಲ್ಲರೂ ಒಟ್ಟಿಗೇ ಇಳಿದ ಹಾಗೆ. ಇನ್ನೂರರ ಒಳಗಿದ್ದರೆ ಅರ್ಧ ಜನ ದಡದಲ್ಲಿ, ಅರ್ಧ ಜನ ಝೋಡಿಯಾಕ್‌ನಲ್ಲಿ ಮಂಜುಗಡ್ಡೆಗಳ ನಡುವೆ, ಆಮೇಲೆ ಅದಲುಬದಲು. ಝೋಡಿಯಾಕ್ ಅಂದರೆ ಹತ್ತು ಜನ ಕೂರುವ ರಬ್ಬರ್ ದೋಣಿ, ನಿಮ್ಮ ಅರ್ಧ ಪ್ರವಾಸ ಅದರ ಅಂಚಿನ ಮೇಲೇ ಕಳೆಯುತ್ತದೆ. ನಮ್ಮ ಹಡಗಿನಲ್ಲಿ ನೂರ ಎಪ್ಪತ್ತು ಜನ ಇದ್ದೆವು, ದಿನಕ್ಕೆ ಎರಡು ಸಲ ಹೊರಗೆ ಹೋಗುತ್ತಿದ್ದೆವು. ಅದೇ ವಾರ, ಹಡಗು ಹತ್ತಿ ಇಳಿಯುವ ಊರಾದ ಉಶುವಾಯಾದಲ್ಲಿ ಸಿಕ್ಕ ಬೆಂಗಳೂರಿನ ದಂಪತಿ ನಾನೂರು ಚಿಲ್ಲರೆ ಜನರ ಹಡಗಿನಲ್ಲಿ ಹೋಗಿ ಬಂದಿದ್ದರು, ಅವರಿಗೆ ದಿನಕ್ಕೆ ಒಂದು ಸಲ, ಅದೂ ಒಂದು ಗಂಟೆ. "ಕಾಯೋದೇ ಜಾಸ್ತಿ ಆಯ್ತು ಕಣ್ರೀ" ಅಂದರು. ಅವರ ರೂಮು ನಮ್ಮದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು.

ಲಕ್ಷುರಿ ಅಂದರೆ ಲೋಕಲ್‌ನ ಫಸ್ಟ್ ಕ್ಲಾಸ್

ಮುಂಬೈಯವರಿಗೆ ಇದನ್ನು ವಿವರಿಸುವುದು ಸುಲಭ. ಫಸ್ಟ್ ಕ್ಲಾಸ್ ಪಾಸ್ ಮಾಡಿಸಿದರೂ ಡೊಂಬಿವಲಿ ಫಾಸ್ಟ್ ಅದೇ ಹೊತ್ತಿಗೆ ಸಿಎಸ್‌ಎಂಟಿ ತಲುಪುತ್ತದೆ. ಕೂರಲು ಸೀಟು ಸ್ವಲ್ಪ ಮೆತ್ತಗೆ, ಪಕ್ಕದವರ ಬೆವರು ಸ್ವಲ್ಪ ಕಡಿಮೆ. ಹಡಗಿನಲ್ಲೂ ಅಷ್ಟೇ. ಐದು ಸಾವಿರ ಡಾಲರ್ ಜಾಸ್ತಿ ಕೊಟ್ಟ ಸೂಟ್‌ನವರೂ, ಕೆಳಗಿನ ಗುಂಡು ಕಿಟಕಿಯ ರೂಮಿನವರೂ ಅದೇ ರಬ್ಬರ್ ದೋಣಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಅದೇ ನೀರಿನಲ್ಲಿ ಗಂಬೂಟು ಮುಳುಗಿಸಿ ಇಳಿಯುತ್ತಾರೆ. ಪೆಂಗ್ವಿನ್‌ಗೆ ಯಾರ ರೂಮು ಯಾವುದು ಅಂತ ಗೊತ್ತಿಲ್ಲ, ಎಲ್ಲರೂ ಅದಕ್ಕೆ ಐದು ಮೀಟರ್ ದೂರವೇ ನಿಲ್ಲಬೇಕು.

ಹಾಗಂತ ಲಕ್ಷುರಿ ಹಡಗು ಸುಮ್ನೆ ದುಡ್ಡು ದಂಡ ಅಂತ ನಾನು ಹೇಳುವುದಿಲ್ಲ. ಅಲ್ಲಿ ಪಾನೀಯ, ಟಿಪ್ಸು, ಕೆಲವೊಮ್ಮೆ ಬ್ಯೂನಸ್ ಐರಿಸ್‌ನಿಂದ ವಿಮಾನ, ಇದೆಲ್ಲ ಸೇರಿಯೇ ಬೆಲೆ. ಜನ ಕಡಿಮೆ, ಕೆಲಸದವರು ಜಾಸ್ತಿ. ಕೆಲವು ಹಡಗುಗಳಲ್ಲಿ ನೀರೊಳಗೆ ಹೋಗುವ ಪುಟ್ಟ ಸಬ್‌ಮರೀನ್ ಇದೆ, ಸೀನಿಕ್ ಎಕ್ಲಿಪ್ಸ್ ಅನ್ನುವ ಹಡಗಿನಲ್ಲಿ ಹೆಲಿಕಾಪ್ಟರ್ ಇದೆ. ಭಾವನ ಕಣ್ಣು ಹೆಲಿಕಾಪ್ಟರ್ ಮೇಲೆ. ಅದಕ್ಕೆ ಬೇರೆ ದುಡ್ಡು, ಗಾಳಿ ಎದ್ದರೆ ಹಾರುವುದಿಲ್ಲ, ಅಲ್ಲಿ ಗಾಳಿ ಏಳದ ದಿನ ಕಡಿಮೆ. ಅದೊಂದರ ಆಸೆಗೆ ಹಡಗು ಆರಿಸಬೇಡಿ ಅಂತ ಹೇಳಿದೆ, ಮುಖ ಸಣ್ಣದಾಯಿತು.

ಹಡಗಿನ ಗಟ್ಟಿತನದ ಬಗ್ಗೆಯೂ ಬ್ರೋಷರ್‌ಗಳು ತುಂಬಾ ಮಾತಾಡುತ್ತವೆ. ಪೋಲಾರ್ ಕ್ಲಾಸ್ ಅಂತ 1ರಿಂದ 7ರವರೆಗೆ ದರ್ಜೆ ಇದೆ, ಅಂಕಿ ಕಡಿಮೆ ಆದಷ್ಟೂ ಹಡಗು ಗಟ್ಟಿ. ಹೊಸ ಹಡಗುಗಳಲ್ಲಿ ಬಹಳಷ್ಟು 6ನೇ ದರ್ಜೆಯವು. 2021ರಲ್ಲಿ ಬಂದ ಫ್ರಾನ್ಸಿನ ಲ ಕಮಾಂಡಾಂ ಶಾರ್ಕೋ 2ನೇ ದರ್ಜೆಯದು, ದಪ್ಪ ಮಂಜನ್ನು ಒಡೆದುಕೊಂಡು ಉತ್ತರ ಧ್ರುವದವರೆಗೇ ಹೋಗುತ್ತದೆ. ಆದರೆ ಅಲ್ಲಿಯ ಬೇಸಿಗೆಯಲ್ಲಿ ಅಂಟಾರ್ಕ್ಟಿಕ್ ಪೆನಿನ್ಸುಲಾಕ್ಕೆ, ಅಂದರೆ ದಕ್ಷಿಣ ಅಮೆರಿಕದ ಕಡೆಗೆ ಚಾಚಿಕೊಂಡ ಖಂಡದ ಬಾಲಕ್ಕೆ, ಹೋಗಲು ಅಷ್ಟು ಗಟ್ಟಿತನ ಬೇಕಿಲ್ಲ. ತಿರುಪತಿಗೆ ಹೋಗಲು ಯುದ್ಧದ ಟ್ಯಾಂಕು ಯಾಕೆ? ಅದಕ್ಕಿಂತ ಹಡಗಿನ ಮೂತಿಯ ಆಕಾರ ನೋಡಿ. ನ್ಯಾಷನಲ್ ಜಿಯಾಗ್ರಫಿಕ್ ಎಂಡ್ಯೂರೆನ್ಸ್‌ನಂಥ ಕೆಲವು ಹಡಗುಗಳ ಮೂತಿ ಹಿಂದಕ್ಕೆ ಬಾಗಿದೆ, ಅಲೆಯ ಮೇಲೆ ಹತ್ತಿ ದಬ್ ಅಂತ ಬೀಳದೆ ಸೀಳಿಕೊಂಡು ಹೋಗುತ್ತದೆ. ಹೊಟ್ಟೆ ತೊಳಸುವವರಿಗೆ ಸಬ್‌ಮರೀನ್‌ಗಿಂತ ಅದು ದೊಡ್ಡ ಲಕ್ಷುರಿ.

ಹನ್ನೊಂದು ದಿನವೋ, ಇಪ್ಪತ್ತೊಂದೋ?

ನಿಜವಾದ ಆಯ್ಕೆ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹನ್ನೊಂದು ದಿನದ ಟ್ರಿಪ್ ಅಂದರೆ ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾದಿಂದ ಹೊರಟು, ಎರಡು ದಿನ ನಡುವಿನ ಒರಟು ಸಮುದ್ರವಾದ ಡ್ರೇಕ್ ಪ್ಯಾಸೇಜ್ ದಾಟಿ, ನಾಲ್ಕೈದು ದಿನ ಪೆನಿನ್ಸುಲಾದಲ್ಲಿ ಸುತ್ತಿ, ಮತ್ತೆ ಎರಡು ದಿನ ಡ್ರೇಕ್ ದಾಟಿ ವಾಪಸ್. ಹನ್ನೊಂದರಲ್ಲಿ ಕೈಗೆ ಸಿಗುವುದು ಐದು ದಿನ. ನಮಗೆ ಹತ್ತು ಸಲ ಹೊರಗೆ ಹೋಗುವ ಪ್ಲಾನ್ ಇತ್ತು, ಎಂಟು ಆಯಿತು, ಎರಡು ಗಾಳಿಗೆ ಹೋಯಿತು. ಬೇಜಾರಿಲ್ಲ. ಲೆಮೇರ್ ಚಾನೆಲ್‌ನಲ್ಲಿ ಎರಡೂ ಕಡೆ ಬೆಟ್ಟ, ನಡುವೆ ಕನ್ನಡಿಯಂಥ ನೀರು, ಹಡಗು ನಡೆಯುವುದೇ ಗೊತ್ತಾಗದ ಹಾಗೆ ನಡೆಯಿತು. ಫೆಬ್ರವರಿ ಆಗಿದ್ದರಿಂದ ತಿಮಿಂಗಿಲಗಳು ಧಾರಾಳ. ಒಂದು ಹಂಪ್‌ಬ್ಯಾಕ್ ನಮ್ಮ ದೋಣಿಯ ಪಕ್ಕದಲ್ಲೇ ಉಸಿರು ಬಿಟ್ಟಿತು, ಮುಂಬೈಯ ಮೀನಿನ ಬಂದರು ಸಾಸೂನ್ ಡಾಕ್‌ನ ಮಧ್ಯಾಹ್ನದ ವಾಸನೆ. ನಮ್ಮವರು ಮೂಗು ಮುಚ್ಚಿಕೊಂಡು ಅಳುತ್ತಿದ್ದರು.

ತಿಂಗಳ ವಿಚಾರ ಬಂತು, ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಹಿಮ ಬೆಳ್ಳಗೆ, ಪೆಂಗ್ವಿನ್‌ಗಳ ಗೂಡು ಕಟ್ಟುವ ಗಡಿಬಿಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮರಿಗಳು, ರಾತ್ರಿಯೇ ಇಲ್ಲದಷ್ಟು ಬೆಳಕು, ಬೆಲೆಯೂ ಆಗಲೇ ಜಾಸ್ತಿ. ಫೆಬ್ರವರಿ-ಮಾರ್ಚಿನಲ್ಲಿ ತಿಮಿಂಗಿಲ, ಜೊತೆಗೆ ಕೆಸರು, ಪೆಂಗ್ವಿನ್ ಹಿಕ್ಕೆಯ ವಾಸನೆ. ಚಳಿಯ ಹೆದರಿಕೆ ಬೇಡ, ಬೇಸಿಗೆಯಲ್ಲಿ ಸೊನ್ನೆಯ ಆಸುಪಾಸು, ಗಾಳಿಯೇ ವೈರಿ. ಇನ್ನೊಂದು, ಸಿನಿಮಾಗಳಲ್ಲಿ ನೋಡುವ ಆ ಎತ್ತರದ ಎಂಪರರ್ ಪೆಂಗ್ವಿನ್ ಈ ಟ್ರಿಪ್‌ನಲ್ಲಿ ಸಿಗುವುದು ಅಪರೂಪ. ಸಿಗುವುದು ಜೆಂಟೂ, ಚಿನ್‌ಸ್ಟ್ರಾಪ್, ಅಡೇಲಿ.

ಇಪ್ಪತ್ತರಿಂದ ಇಪ್ಪತ್ಮೂರು ದಿನದ ಟ್ರಿಪ್‌ನಲ್ಲಿ ಇದರ ಜೊತೆಗೆ ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಾದ ಫಾಕ್‌ಲ್ಯಾಂಡ್ ಮತ್ತು ಸೌತ್ ಜಾರ್ಜಿಯಾ ಸೇರುತ್ತವೆ. ನಾವು ಇದಕ್ಕೆ ಹೋಗಲಿಲ್ಲ, ಹೋಗಬೇಕಿತ್ತು. ಹಡಗಿನ ಗೈಡ್‌ಗಳನ್ನು ಊಟದ ಹೊತ್ತಿನಲ್ಲಿ ಕೇಳಿದೆ, ನಿಮ್ಮ ದುಡ್ಡಲ್ಲಿ ಹೋಗುವುದಾದರೆ ಎಲ್ಲಿಗೆ ಹೋಗುತ್ತೀರಿ ಅಂತ. ಐವರಲ್ಲಿ ನಾಲ್ವರು ಸೌತ್ ಜಾರ್ಜಿಯಾ ಅಂದರು. ಅಲ್ಲಿ ಊರಿಲ್ಲ. ಹಿಮದ ಬೆಟ್ಟ ನೇರ ಸಮುದ್ರಕ್ಕಿಳಿಯುತ್ತದೆ, ಕೆಳಗೆ ದಡದಲ್ಲಿ ಕಿಂಗ್ ಪೆಂಗ್ವಿನ್‌ಗಳು. ಸೇಂಟ್ ಆಂಡ್ರ್ಯೂಸ್ ಬೇ ಒಂದರಲ್ಲೇ ಲಕ್ಷಗಟ್ಟಲೆ. ದಾದರ್ ಸ್ಟೇಷನ್ನಿನ ಸಂಜೆ ಆರು ಗಂಟೆಯ ಮೇಲ್ಸೇತುವೆ ನೆನಪಿಸಿಕೊಳ್ಳಿ, ಎಲ್ಲರೂ ಕೋಟು ಹಾಕಿಕೊಂಡಿದ್ದಾರೆ ಅಂದುಕೊಳ್ಳಿ. ಕಿಂಗ್ ಪೆಂಗ್ವಿನ್ ಒಂದು ಮರಿಯನ್ನು ದೊಡ್ಡದು ಮಾಡಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ಯಾವ ತಿಂಗಳು ಹೋದರೂ ಕಂದು ಉಣ್ಣೆಯ ಮರಿಗಳು ಇದ್ದೇ ಇರುತ್ತವೆ. ಡಿಸೆಂಬರಿನಲ್ಲಿ ಮಾತ್ರ ಗಂಡು ಫರ್ ಸೀಲ್‌ಗಳು ದಡ ಹಿಡಿದು ಕೂತು ಜಗಳಕ್ಕೆ ಬರುತ್ತವೆ, ಕೆಲವು ಕಡೆ ಇಳಿಯುವುದೇ ಕಷ್ಟ.

ಅಲ್ಲಿಯ ಗ್ರಿಟ್ವಿಕನ್ 1904ರಲ್ಲಿ ಶುರುವಾದ ತಿಮಿಂಗಿಲ ಬೇಟೆಯ ಕೇಂದ್ರ. ಈಗ ತುಕ್ಕು ಹಿಡಿದ ಬಾಯ್ಲರುಗಳು, ಒಂದು ಮ್ಯೂಸಿಯಂ, ಒಂದು ಸಣ್ಣ ಚರ್ಚು, ಅಂಟಾರ್ಕ್ಟಿಕಾದ ಅನ್ವೇಷಕ ಶ್ಯಾಕಲ್ಟನ್‌ನ ಸಮಾಧಿ. ಶ್ಯಾಕಲ್ಟನ್‌ನ ಹಡಗು ಎಂಡ್ಯೂರೆನ್ಸ್ 1915ರಲ್ಲಿ ಮಂಜಿಗೆ ಸಿಕ್ಕಿ ಮುಳುಗಿತು. ಇಪ್ಪತ್ತೆರಡು ಜನರನ್ನು ಎಲಿಫೆಂಟ್ ದ್ವೀಪದಲ್ಲಿ ಬಿಟ್ಟು, ತಾನು ಐವರ ಜೊತೆ ಒಂದು ಸಣ್ಣ ದೋಣಿಯಲ್ಲಿ ಸುಮಾರು 1,300 ಕಿಲೋಮೀಟರ್ ದಾಟಿ ಸೌತ್ ಜಾರ್ಜಿಯಾಗೆ ಬಂದ, ಬೆಟ್ಟ ದಾಟಿ ಸಹಾಯ ಕೇಳಿದ, 1916ರ ಆಗಸ್ಟ್ 30ರಂದು ಆ ಇಪ್ಪತ್ತೆರಡೂ ಜನರನ್ನು ಜೀವಂತ ವಾಪಸ್ ತಂದ. 1922ರಲ್ಲಿ ಅಲ್ಲೇ ಸತ್ತ. (ಎಲಿಫೆಂಟ್ ದ್ವೀಪ ಅಂದಾಗ ಅಕ್ಕ "ಗೇಟ್‌ವೇಯಿಂದ ಬೋಟಿದೆಯಲ್ಲ" ಅಂದಳು. ಅದು ಘಾರಾಪುರಿ. ಅದಕ್ಕೆ ಕಲ್ಲಾನೆಯಿಂದ ಹೆಸರು ಬಂತು, ಇದಕ್ಕೆ ಎಲಿಫೆಂಟ್ ಸೀಲ್‌ನಿಂದ ಅಂತಾರೆ.)

ಒಂದು ಎಚ್ಚರಿಕೆ. 2023ರ ಅಕ್ಟೋಬರಿನಲ್ಲಿ ಸೌತ್ ಜಾರ್ಜಿಯಾಗೆ ಹಕ್ಕಿಜ್ವರ ಬಂತು, ಆಮೇಲೆ ಕೆಲವು ಜಾಗಗಳನ್ನು ಮುಚ್ಚಿದರು. ಬುಕ್ ಮಾಡುವ ಮುಂಚೆ ಯಾವ ದಡಗಳು ತೆರೆದಿವೆ ಅಂತ ಕೇಳಿ. ಇನ್ನು ಅಲ್ಲಿ ಇಳಿಯುವ ಮುಂಚೆ ತಪಾಸಣೆ ಅಂದರೆ ತಪಾಸಣೆ. ಆ ದ್ವೀಪದ ಇಲಿಗಳನ್ನು ವರ್ಷಗಟ್ಟಲೆ ಕಷ್ಟಪಟ್ಟು ನಿರ್ಮೂಲ ಮಾಡಿ 2018ರಲ್ಲಿ ಇಲಿಮುಕ್ತ ಅಂತ ಸಾರಿದ್ದಾರೆ, ಹಾಗಾಗಿ ಹೊರಗಿನ ಒಂದು ಬೀಜವನ್ನೂ ಬಿಡುವುದಿಲ್ಲ. ಪೆನಿನ್ಸುಲಾಕ್ಕೇ ನಮ್ಮ ಬ್ಯಾಗುಗಳನ್ನು ವ್ಯಾಕ್ಯೂಮ್ ಮಾಡಿಸಿದರು, ವೆಲ್ಕ್ರೋ ಪಟ್ಟಿಯನ್ನು ಪಿನ್ನಿನಿಂದ ಕೆದಕಿಸಿದರು. ನನ್ನ ಬ್ಯಾಗಿನ ಮೂಲೆಯಲ್ಲಿ ಒಂದು ಸಾಸಿವೆ ಕಾಳು ಸಿಕ್ಕಿತು. ಗೈಡ್ ಹುಡುಗಿ ಅದನ್ನು ಬಾಂಬಿನ ಹಾಗೆ ಹಿಡಿದು ನೋಡಿದಳು.

ಈಗ ದುಡ್ಡು. ನಮಗೆ ಸಿಕ್ಕ ಕೊಟೇಶನ್‌ಗಳನ್ನು ಇಟ್ಟುಕೊಂಡು ಅಂದಾಜಿಗೆ ಹೇಳುತ್ತೇನೆ. ಹನ್ನೊಂದು ದಿನದ್ದು ಸಾಧಾರಣ ಹಡಗಿನಲ್ಲಿ ಒಬ್ಬರಿಗೆ ಆರೇಳು ಸಾವಿರ ಡಾಲರಿನಿಂದ ಶುರು. ಅದೇ ಹನ್ನೊಂದು ದಿನ ಲಕ್ಷುರಿ ಹಡಗಿನಲ್ಲಿ ಹದಿನೈದು ಸಾವಿರ ದಾಟುತ್ತದೆ. ಸೌತ್ ಜಾರ್ಜಿಯಾ ಸೇರಿದ ಇಪ್ಪತ್ತು ದಿನದ್ದು ಮಧ್ಯಮ ಹಡಗಿನಲ್ಲಿ ಹೆಚ್ಚುಕಡಿಮೆ ಅದೇ ಹದಿನೈದು ಸಾವಿರ. ಅಂದರೆ ಒಂದೇ ದುಡ್ಡಿಗೆ ಐದು ದಿನದ ಹಿಮ ಮತ್ತು ಬಟ್ಲರ್, ಇಲ್ಲವಾದರೆ ಹಿಮದ ಜೊತೆ ಇನ್ನೆರಡು ದ್ವೀಪಸಮೂಹ. ನನ್ನನ್ನು ಕೇಳಿದರೆ ಎರಡನೆಯದೇ. ಒಬ್ಬರೇ ಹೋಗುವವರಿಗೆ ಮಾತ್ರ ಒಂದೂವರೆ ಪಟ್ಟು, ಎರಡು ಪಟ್ಟು ಕೀಳುತ್ತಾರೆ, ಅಪರಿಚಿತರ ಜೊತೆ ರೂಮು ಹಂಚಿಕೊಳ್ಳಲು ಬಿಡುವ ಕಂಪನಿ ಹುಡುಕಿ.

ವಿಮಾನದಲ್ಲಿ ಹೋಗಿ ಹಡಗು ಹತ್ತುವುದು

ಡ್ರೇಕ್ ಅಂದರೆ ಹೆದರುವವರಿಗೆ ಇದು. ಚಿಲಿಯ ಪುಂಟಾ ಅರೆನಾಸ್‌ನಿಂದ ಎರಡು ಗಂಟೆ ಹಾರಿದರೆ ಕಿಂಗ್ ಜಾರ್ಜ್ ದ್ವೀಪ, ಅಲ್ಲೇ ಹಡಗು ಕಾಯುತ್ತಿರುತ್ತದೆ. ದಾರಿಯ ನಾಲ್ಕು ದಿನ ಉಳಿತಾಯ. ಆದರೆ ಬೆಲೆ ಜಾಸ್ತಿ, ಲಗೇಜಿಗೆ ಬಿಗಿ ಮಿತಿ, ಜಲ್ಲಿಯ ರನ್‌ವೇ ಮೇಲೆ ಮೋಡ ಕವಿದರೆ ವಿಮಾನ ಒಂದೆರಡು ದಿನ ಕೂತುಬಿಡಬಹುದು. ರಜೆ ಸಿಗದವರಿಗೆ ಸರಿ. ನಿವೃತ್ತರಾದವರಿಗೆ ಏನು ಅವಸರ?

ಹಡಗಿನವರು ಎರಡು ಮಾತು ಹೇಳುತ್ತಾರೆ, ಸಮುದ್ರ ಅಲುಗಾಡಿಸಿದರೆ ಡ್ರೇಕ್ ಶೇಕ್, ಕೆರೆಯ ಹಾಗೆ ಸುಮ್ಮನಿದ್ದರೆ ಡ್ರೇಕ್ ಲೇಕ್. ಹೋಗುವಾಗ ನಮಗೆ ಮೊದಲನೆಯದು ಸಿಕ್ಕಿತು, ಬರುವಾಗ ಎರಡನೆಯದು. ನಮ್ಮವರು ಒಂದೂವರೆ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಅವೋಮಿನ್ ನುಂಗಿ, ಒಣಶುಂಠಿ ಬಾಯಲ್ಲಿಟ್ಟುಕೊಂಡು ಡೆಕ್ಕಿನ ಬಾಗಿಲ ಹತ್ತಿರ ಕೂತು ಆಲ್ಬಟ್ರಾಸ್ ನೋಡಿದೆ, ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಹಡಗಿನ ಜೊತೆ ಬರುವ ಹಕ್ಕಿ. ನಿಮ್ಮ ಹೊಟ್ಟೆ ಎಂಥದ್ದು ಅಂತ ತಿಳಿಯಲು ನನ್ನ ಪರೀಕ್ಷೆ ಸರಳ. ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬೈಯ ಭಾವೂಚಾ ಧಕ್ಕಾದಿಂದ ಮಾಂಡ್ವಾಕ್ಕೆ ಹೋಗುವ ಬೋಟು ಹತ್ತಿ. ಅದರಲ್ಲೇ ವಾಂತಿ ಆಗುವವರು ಮಧ್ಯದ, ಕೆಳಗಿನ ಡೆಕ್ಕಿನ ರೂಮನ್ನೇ ತೆಗೆದುಕೊಳ್ಳಿ, ಅಲ್ಲಿ ಓಲಾಟ ಕಡಿಮೆ. ಅದೃಷ್ಟಕ್ಕೆ ಅದೇ ಅಗ್ಗದ ರೂಮು. ಮೇಲಿನ ಸೂಟ್‌ಗಳೇ ಜಾಸ್ತಿ ತೂಗುತ್ತವೆ.

ಅಕ್ಕನ ದ್ವೀಪಗಳು

ಅಕ್ಕನ ಕೈಯಲ್ಲಿದ್ದದ್ದು ಬೇರೆಯೇ ಬ್ರೋಷರ್. ಮಾರ್ಚ್ ಕೊನೆಗೆ ಹೊರಡುವ, ಒಂದು ತಿಂಗಳು ದಾಟುವ ಪ್ರಯಾಣ. ಉಶುವಾಯಾದಿಂದ ಸೌತ್ ಜಾರ್ಜಿಯಾ, ಅಲ್ಲಿಂದ ಟ್ರಿಸ್ಟನ್ ಡ ಕುನ್ಯಾ, ಸೇಂಟ್ ಹೆಲೆನಾ, ಅಸೆನ್ಶನ್, ಕೊನೆಗೆ ಕೇಪ್ ವರ್ಡೆ. ಅಟ್ಲಾಂಟಿಕ್ ಸಮುದ್ರವನ್ನು ಕೆಳಗಿನಿಂದ ಮೇಲಕ್ಕೆ ಉದ್ದಕ್ಕೂ ದಾಟಿದ ಹಾಗೆ. ಋತು ಮುಗಿದ ಮೇಲೆ ಹಡಗುಗಳು ಹೇಗೂ ಉತ್ತರಕ್ಕೆ ಹೋಗಲೇಬೇಕು, ಅದನ್ನೇ ಟ್ರಿಪ್ ಮಾಡಿ ಮಾರುತ್ತಾರೆ, ಹಾಗಾಗಿ ದಿನದ ಲೆಕ್ಕದಲ್ಲಿ ಇದು ಅಗ್ಗ.

ಅಗ್ಗ ಯಾಕೆ ಅಂತಲೂ ತಿಳಿಯಬೇಕು. ಒಂದು ದ್ವೀಪದಿಂದ ಇನ್ನೊಂದಕ್ಕೆ ನಾಲ್ಕೈದು ದಿನ ಬರೀ ನೀರು. ಅರ್ಧ ಪ್ರಯಾಣ ಹಡಗಿನಲ್ಲೇ. ಕೆಲವು ಹಡಗು ಇದರಲ್ಲಿ ಅಂಟಾರ್ಕ್ಟಿಕಾ ಮುಟ್ಟುವುದೇ ಇಲ್ಲ, ಭಾವ ಇದನ್ನು ಗಮನಿಸಿರಲಿಲ್ಲ.

ಆದರೆ ಟ್ರಿಸ್ಟನ್! ಇನ್ನೂರು ಚಿಲ್ಲರೆ ಜನರ ಊರು. ವಿಮಾನ ನಿಲ್ದಾಣ ಇಲ್ಲ. ಹತ್ತಿರದ ಜನವಸತಿ ಅಂದರೆ 2,400 ಕಿಲೋಮೀಟರ್ ದೂರದ ಸೇಂಟ್ ಹೆಲೆನಾ, ಮುಂಬೈಯಿಂದ ಕಾಶ್ಮೀರ ದಾಟಿ ಇನ್ನೂ ಆಚೆ ಹೋದಷ್ಟು. 1961ರಲ್ಲಿ ಊರ ಪಕ್ಕದಲ್ಲೇ ಜ್ವಾಲಾಮುಖಿ ಬಾಯಿ ಬಿಟ್ಟಿತು, ಎಲ್ಲರನ್ನೂ ಇಂಗ್ಲೆಂಡಿಗೆ ಒಯ್ದರು. ಅಲ್ಲಿ ಮನೆ, ಕೆಲಸ, ಟೀವಿ ಎಲ್ಲ ಇತ್ತು. ಎರಡೇ ವರ್ಷದಲ್ಲಿ ಬಹುತೇಕ ಎಲ್ಲರೂ ವಾಪಸ್ ತಮ್ಮ ಆಲೂಗಡ್ಡೆ ಹೊಲಕ್ಕೇ ಹೋದರು. ಇದನ್ನು ನಾನು ಓದಿ ಹೇಳಿದಾಗ ಅಕ್ಕ ಸುಮ್ಮನಾದಳು. ಕುಂದಾಪುರ ಬಿಟ್ಟು ನಲವತ್ತು ವರ್ಷ ಆಯಿತು ಅವಳಿಗೆ. "ಇಲ್ಲಿಗೆ ಹೋಗಬೇಕು ಕಣೇ" ಅಂದಳು.

ಹೋಗಬಹುದು, ಇಳಿಯುತ್ತೀರಾ ಅನ್ನುವುದೇ ಪ್ರಶ್ನೆ. ಅಲ್ಲಿಯ ಬಂದರು ಪುಟ್ಟದು, ಅಲೆ ಎದ್ದರೆ ದೋಣಿ ಒಳಗೆ ಹೋಗುವುದಿಲ್ಲ. ಹತ್ತಿರ ಹೋಗಿ ಕೈ ಬೀಸಿ ಬಂದ ಹಡಗುಗಳೂ ಇವೆ. ಹಾಗಾಗಿ ಕಂಪನಿಯವರನ್ನು ಕೇಳಿ, ಟ್ರಿಸ್ಟನ್‌ಗೆ ಎಷ್ಟು ದಿನ ಇಟ್ಟಿದ್ದೀರಿ ಅಂತ. ಒಂದು ದಿನ ಅಂದರೆ ಬೇಡ. ಮೂರು-ನಾಲ್ಕು ದಿನ ಮೀಸಲಿಟ್ಟಿದ್ದರೆ ಅವರು ಸಮುದ್ರ ಬಲ್ಲವರು.

ಸೇಂಟ್ ಹೆಲೆನಾ ಸುಲಭ. ನೆಪೋಲಿಯನ್ ಸೆರೆಯಲ್ಲಿದ್ದು 1821ರಲ್ಲಿ ಸತ್ತ ದ್ವೀಪ. 699 ಮೆಟ್ಟಿಲಿನ ಜೇಕಬ್ಸ್ ಲ್ಯಾಡರ್ ಇದೆ, ಗವರ್ನರ್ ಮನೆಯಂಗಳದಲ್ಲಿ ಜೋನಥನ್ ಅನ್ನುವ ಆಮೆ ಇದೆ, 1832ರ ಸುಮಾರಿಗೆ ಹುಟ್ಟಿದ್ದಂತೆ. 2017ರಿಂದ ಜೋಹಾನ್ಸ್‌ಬರ್ಗ್‌ಗೆ ವಿಮಾನವೂ ಇದೆ, ಕೆಲವು ಟ್ರಿಪ್ ಅಲ್ಲೇ ಮುಗಿಯುತ್ತವೆ. ಮುಂಬೈಗೆ ವಾಪಸ್ ಬರಲು ಅದು ಒಳ್ಳೆಯದು, ದಕ್ಷಿಣ ಆಫ್ರಿಕಾ ವೀಸಾ ಮಾತ್ರ ನೋಡಿಕೊಳ್ಳಿ.

ಇಂಥ ಉದ್ದದ ಪ್ರಯಾಣದಲ್ಲಿ ಮಾತ್ರ ನಾನು ಲಕ್ಷುರಿಗೆ ಒಪ್ಪುತ್ತೇನೆ. ಹದಿನೈದು ದಿನ ನೀರನ್ನೇ ನೋಡುವಾಗ ಒಳ್ಳೆಯ ಲೈಬ್ರರಿ, ಕಾಲು ಚಾಚುವಷ್ಟು ರೂಮು, ಬಾಲ್ಕನಿ, ಇದಕ್ಕೆಲ್ಲ ಅರ್ಥ ಬರುತ್ತದೆ. ಹನ್ನೊಂದು ದಿನದ ಟ್ರಿಪ್‌ನಲ್ಲಿ ನಾವು ರೂಮಿಗೆ ಹೋಗುತ್ತಿದ್ದದ್ದೇ ಮಲಗಲು.

ನ್ಯೂಜಿಲೆಂಡ್ ಕಡೆಯಿಂದ ರಾಸ್ ಸಮುದ್ರಕ್ಕೆ ಹೋಗುವ ತಿಂಗಳ ಪ್ರಯಾಣವೂ ಇದೆ. ಅನ್ವೇಷಕರಾದ ಸ್ಕಾಟ್, ಶ್ಯಾಕಲ್ಟನ್ ಕಟ್ಟಿದ ಮರದ ಗುಡಿಸಲುಗಳು ಇನ್ನೂ ನಿಂತಿವೆ, ದಾರಿಯಲ್ಲಿ ಮ್ಯಾಕ್ವಾರಿಯಂಥ ದ್ವೀಪ. ಆದರೆ ಹೋಗಲು ಬರಲು ಅಷ್ಟಷ್ಟು ದಿನ ಸಮುದ್ರ, ಮಂಜು ಬಿಡದಿದ್ದರೆ ಗುಡಿಸಲೂ ಇಲ್ಲ. ಎರಡನೇ ಸಲ ಹೋಗುವವರಿಗೆ.

ಉತ್ತರಕ್ಕೆ ಹೋದರೆ?

ದುಡ್ಡು, ದಿನ ಎರಡೂ ಕಡಿಮೆ ಇದ್ದರೆ ನಾರ್ವೆಯ ಸ್ವಾಲ್ಬಾರ್ಡ್ ನೋಡಿ. ಜೂನ್‌ನಿಂದ ಆಗಸ್ಟ್. ಮುಂಬೈಯಿಂದ ಓಸ್ಲೋ, ಅಲ್ಲಿಂದ ಲಾಂಗಿಯರ್ಬಿಯೆನ್, ಡ್ರೇಕ್ ಕಾಟ ಇಲ್ಲ. ಅಲ್ಲಿ ಪೆಂಗ್ವಿನ್ ಇಲ್ಲ, ಹಿಮಕರಡಿ ಇದೆ. 2025ರಿಂದ ಅಲ್ಲೂ ನಿಯಮ ಬಿಗಿ. ಸಂರಕ್ಷಿತ ಜಾಗಗಳಿಗೆ 200ಕ್ಕಿಂತ ಜಾಸ್ತಿ ಪ್ರಯಾಣಿಕರ ಹಡಗು ಬರುವಂತಿಲ್ಲ. ಕರಡಿಯಿಂದ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್ ಕೊನೆವರೆಗೆ 500 ಮೀಟರ್. ಅಂದರೆ ಒಳ್ಳೆಯ ಬೈನಾಕ್ಯುಲರ್ ಇಲ್ಲದೆ ಕರಡಿ ಒಂದು ಹಳದಿ ಚುಕ್ಕೆ. ವೀಸಾದಲ್ಲಿ ಒಂದು ಗುಂಡಿ ಇದೆ. ಸ್ವಾಲ್ಬಾರ್ಡ್ ಶೆಂಗೆನ್ ಒಳಗಿಲ್ಲ, ಆದರೆ ನಾರ್ವೆ ದಾಟಿಯೇ ಹೋಗಬೇಕು, ವಾಪಸ್ ಬರಬೇಕು. ಹಾಗಾಗಿ ಎರಡು ಸಲ ಒಳಗೆ ಬರಲು ಬಿಡುವ ಶೆಂಗೆನ್ ವೀಸಾ ಬೇಕು.

ಅಲ್ಲಿಯ ನ್ಯೂ-ಓಲಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, ಕೆಲವು ಹಡಗು ಅಲ್ಲಿ ನಿಲ್ಲುತ್ತವೆ, ಹೊರಗಿನಿಂದ ನೋಡಬಹುದು. ಮೊಬೈಲಿನ ವೈಫೈ, ಬ್ಲೂಟೂತ್ ಎಲ್ಲ ಆರಿಸಬೇಕು, ಅಲ್ಲಿಯ ಉಪಕರಣಗಳಿಗೆ ತೊಂದರೆ. ಹಾಗಾದರೆ ದಕ್ಷಿಣದಲ್ಲಿ ನಮ್ಮ ಮೈತ್ರಿ, ಭಾರತಿ ನೋಡಬಹುದಾ ಅಂತ ಭಾವ ಕೇಳಿದರು. ಇಲ್ಲ. ಅವು ಖಂಡದ ಇನ್ನೊಂದು ಕಡೆ, ಪೆನಿನ್ಸುಲಾದಿಂದ ಸಾವಿರಾರು ಕಿಲೋಮೀಟರ್. ಅಲ್ಲಿಗೆ ಹೋಗುವವರ ತಯಾರಿ ನಡೆಯುವುದು ನಮ್ಮ ಗೋವಾದಲ್ಲೇ, ವಾಸ್ಕೋದ ಧ್ರುವ ಸಂಶೋಧನಾ ಕೇಂದ್ರದಲ್ಲಿ. 1981ರ ಡಿಸೆಂಬರಿನಲ್ಲಿ ವಿಜ್ಞಾನಿ ಖಾಸಿಂ ಅವರ ನೇತೃತ್ವದ ಭಾರತದ ಮೊದಲ ತಂಡ ಹೊರಟದ್ದೂ ಗೋವಾದಿಂದಲೇ.

ಗೋವಾ ಅಂದಾಗ ನೆನಪಾಯಿತು, ಊಟ. ನಮ್ಮ ಹಡಗಿನ ರೂಮಿನ ಹುಡುಗ ಮಡಗಾಂವ್ ಕಡೆಯವನು. ಅಪ್ಪನೂ ತಾರ್ವೊಟಿ, ಅಂದರೆ ಹಡಗಿನ ಕೆಲಸದವನು. ಮೂರನೇ ದಿನ ಬೇಯಿಸಿದ ಕ್ಯಾರೆಟ್ ನೋಡುತ್ತ ಕೂತಿದ್ದ ನನ್ನ ಮುಖ ನೋಡಿ ಅಡುಗೆಮನೆಗೆ ಏನೋ ಹೇಳಿದ, ರಾತ್ರಿಗೆ ಬೇಳೆ, ಅನ್ನ ಬಂತು. ಇಂಥ ಅದೃಷ್ಟ ನಂಬಿ ಕೂರಬೇಡಿ. ಸಸ್ಯಾಹಾರಿ, ಜೈನ ಅಂತ ಬುಕಿಂಗ್ ಫಾರ್ಮಿನಲ್ಲೇ ಬರೆಯಿರಿ, ಹಡಗು ಹೊರಟ ಮೇಲೆ ಈರುಳ್ಳಿ ಇಲ್ಲದ ಸೂಪು ಸಿಗುವುದಿಲ್ಲ.

ಉಳಿದ ತಲೆನೋವುಗಳು

ವೀಸಾ, ವಿಮಾನ ಎಲ್ಲ ಸೇರಿ ಮೂರು ತಿಂಗಳ ಮುಂಚೆ ಶುರು ಮಾಡಿ. ಬ್ಯೂನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣ, ನೀವು ಇಳಿಯುವುದು ಎಸೇಯ್ಸಾದಲ್ಲಿ, ಉಶುವಾಯಾದ ವಿಮಾನ ಹೆಚ್ಚಾಗಿ ಊರೊಳಗಿನ ಅಯೆರೋಪಾರ್ಕೆಯಿಂದ. ಅದೇ ದಿನದ ಕನೆಕ್ಷನ್ ಹಿಡಿಯಬೇಡಿ, ಹಡಗು ಕಾಯುವುದಿಲ್ಲ. ಎರಡು ದಿನ ಮೊದಲೇ ಹೋಗಿ. ಬ್ರೆಜಿಲ್, ಇಥಿಯೋಪಿಯಾ ದಾರಿಯಾಗಿ ವಾಪಸ್ ಬರುವುದಾದರೆ ಮುಂಬೈಯಲ್ಲಿ ಇಳಿದಾಗ ಹಳದಿ ಜ್ವರದ ಸರ್ಟಿಫಿಕೇಟ್ ಕೇಳಬಹುದು. ಆ ಇಂಜೆಕ್ಷನ್ ಹಾಕಿಸಿ ಹತ್ತು ದಿನ ಆಗಿರಬೇಕು, ಅರವತ್ತು ದಾಟಿದವರು ಹಾಕಿಸಿಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ದರ ಆಗಾಗ ಬದಲಾಗುತ್ತದೆ, ದುಡ್ಡು ಕಟ್ಟುವ ದಿನದ ದರ ಕೇಳಿಕೊಳ್ಳಿ. ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ. ಅಲ್ಲಿ ಆಸ್ಪತ್ರೆ ಇಲ್ಲ, ವಿಮಾನದಲ್ಲಿ ಎತ್ತಿಕೊಂಡು ಬರಬೇಕಾದರೆ ಮನೆ ಮಾರಬೇಕು. ಭಾವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಮೊದಲು ಕೇಳಿದ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ ರಕ್ಷಣೆಯೂ ಇರಲಿಲ್ಲ, ಅಂಟಾರ್ಕ್ಟಿಕಾದ ಹೆಸರೂ ಇರಲಿಲ್ಲ. ಪಾಲಿಸಿಯ ಸಣ್ಣ ಅಕ್ಷರ ಓದಿ, ಅರ್ಥವಾಗದಿದ್ದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಕಳೆದ ಭಾನುವಾರ ಕೊನೆಗೂ ಇಬ್ಬರೂ ಒಂದು ಮಾತಿಗೆ ಬಂದರು. ನೂರ ಎಪ್ಪತ್ತು ಜನರ ಹಡಗು, ಇಪ್ಪತ್ತೊಂದು ದಿನ, ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ, ಪೆನಿನ್ಸುಲಾ. ಕೆಳಗಿನ ಡೆಕ್ಕಿನ ಮಧ್ಯದ ರೂಮು, ಗುಂಡು ಕಿಟಕಿ. ಹೆಲಿಕಾಪ್ಟರ್ ಇಲ್ಲ. ಟ್ರಿಸ್ಟನ್ ಬ್ರೋಷರನ್ನು ಅಕ್ಕ ಬಿಸಾಡಿಲ್ಲ, ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ. ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದಳು, ಚಟ್ನಿಪುಡಿ ಒಯ್ಯಬಹುದಾ ಅಂತ. ಕಸ್ಟಮ್ಸ್‌ನಲ್ಲಿ ತೋರಿಸು, ಹಡಗಿನವರನ್ನು ಮೊದಲೇ ಕೇಳು, ದಡಕ್ಕಂತೂ ಒಂದು ಚಿಟಿಕೆಯೂ ಒಯ್ಯಬೇಡ ಅಂದೆ. ಒಗ್ಗರಣೆಗೆ ಸಾಸಿವೆ ಹಾಕಬೇಡ ಅಂತಲೂ ಹೇಳಿದ್ದೇನೆ.